ದಿಂಬಿನ ಪಕ್ಕ ಸ್ಟನ್ ಗನ್ ಇಟ್ಟುಕೊಂಡರೆ ಮನೆಗೆ ಕಾವಲಾಗುತ್ತಾ?

ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮ ಚಿಕ್ಕಮ್ಮ ಒಬ್ಬರೇ ಇದ್ದಾರೆ. ವಯಸ್ಸು 68. ಚಿಕ್ಕಪ್ಪ ತೀರಿಕೊಂಡು ಮೂರು ವರ್ಷ ಆಯಿತು, ಮಗ ಪುಣೆಯಲ್ಲಿ, ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಪಕ್ಕದ ಕ್ರಾಸಿನ ಒಂದು ಮನೆಗೆ ರಾತ್ರಿ ಕಳ್ಳರು ನುಗ್ಗಿದ ಸುದ್ದಿ ಕೇಳಿ ಮಗ ಗಾಬರಿಯಾದ. ಆನ್‌ಲೈನ್‌ನಲ್ಲಿ ಒಂದು ಸ್ಟನ್ ಗನ್ ಬುಕ್ ಮಾಡಿ ಅಮ್ಮನ ವಿಳಾಸಕ್ಕೆ ಕಳಿಸಿಯೇ ಬಿಟ್ಟ.

ನಾನು ಹೋದಾಗ ಅದು ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಜಾಡಿ ಪಕ್ಕ ಇತ್ತು. ನೋಡಲು ದಪ್ಪ ಟಾರ್ಚ್ ಥರ, ಮುಂದುಗಡೆ ಎರಡು ಲೋಹದ ಮೊಳೆ. "ನೀನೇ ನೋಡೇ, ಇದರಲ್ಲಿ ಲೈಟ್ ಬಟನ್ ಯಾವುದು, ಶಾಕ್ ಬಟನ್ ಯಾವುದು ಅಂತಾನೇ ಗೊತ್ತಾಗ್ತಿಲ್ಲ" ಅಂದರು ಚಿಕ್ಕಮ್ಮ. ನಾನು ಒತ್ತಿದೆ. ಚಟಚಟಚಟ ಅಂತ ಜೋರು ಸದ್ದು, ಎರಡು ಮೊಳೆಗಳ ನಡುವೆ ನೀಲಿ ಕಿಡಿ, ಆಮೇಲೆ ಝೆರಾಕ್ಸ್ ಅಂಗಡಿಯಲ್ಲಿ ಮೂಗಿಗೆ ಬಡಿಯುತ್ತಲ್ಲ, ಆ ವಾಸನೆ. ಚಿಕ್ಕಮ್ಮ ಕುರ್ಚಿ ಹಿಂದಕ್ಕೆ ಸರಿಸಿದರು. ಡಬ್ಬದ ಮೇಲೆ ದೊಡ್ಡದಾಗಿ ಬರೆದಿತ್ತು: 88 ಲಕ್ಷ ವೋಲ್ಟ್.

ಇಂಥದ್ದು ಈಗ ಎಷ್ಟೋ ಮನೆಗಳಿಗೆ ಬರುತ್ತಿದೆ. ಮಕ್ಕಳು ದೂರ ಇರುತ್ತಾರೆ, ಭಯ ಸುಳ್ಳಲ್ಲ, ಏನಾದರೂ ಮಾಡಬೇಕು ಅನಿಸುತ್ತದೆ. ಹಾಗಾಗಿ ಈ ಸಾಧನ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಕಾನೂನು ಏನು ಹೇಳುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮನೆ ಕಾಯುವುದಕ್ಕೆ ಇದು ಸರಿಯಾದ ಸಾಧನ ಅಲ್ಲ. ಯಾಕೆ ಅನ್ನುವುದು ಮುಂದೆ.

ಮೊದಲು ಹೆಸರಿನ ಗೊಂದಲ. ಜನ ಸ್ಟನ್ ಗನ್, ಟೇಸರ್ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಎರಡೂ ಬೇರೆ. ಚಿಕ್ಕಮ್ಮನ ಟೇಬಲ್ ಮೇಲಿದ್ದದ್ದು ಮುಟ್ಟಿಸಿದರೆ ಮಾತ್ರ ಕೆಲಸ ಮಾಡುವ ಸ್ಟನ್ ಗನ್. ಹೆಸರಿನಲ್ಲಿ ಗನ್ ಇದ್ದರೂ ಅದರಿಂದ ಏನೂ ಹಾರುವುದಿಲ್ಲ. ಟೇಸರ್ ಅನ್ನುವುದು ಅಮೆರಿಕದ ಒಂದು ಕಂಪನಿಯ ಬ್ರ್ಯಾಂಡ್. ಆ ಕಂಪನಿ 2017ರಲ್ಲಿ ತನ್ನ ಹೆಸರನ್ನು ಆಕ್ಸಾನ್ ಅಂತ ಬದಲಾಯಿಸಿಕೊಂಡಿತು. ಟೇಸರ್‌ನಲ್ಲಿ ಎರಡು ಚೂಪಾದ ಡಾರ್ಟ್ ಇರುತ್ತವೆ. ಕೂದಲೆಳೆಯಂಥ ತಂತಿ ಕಟ್ಟಿಕೊಂಡು ಅವು ಹಾರಿ ಹೋಗಿ ಎದುರಿನವನ ಬಟ್ಟೆಗೋ ಚರ್ಮಕ್ಕೋ ಚುಚ್ಚಿಕೊಳ್ಳುತ್ತವೆ, ಆ ತಂತಿಯಲ್ಲಿ ಕರೆಂಟ್ ಹೋಗುತ್ತದೆ. ಅಲ್ಲಿ ಸಾಮಾನ್ಯ ಜನರಿಗೆ ಮಾರುವ ಮಾಡೆಲ್‌ಗಳದ್ದು ಸುಮಾರು 15 ಅಡಿ ದೂರ. ಸಿನಿಮಾದಲ್ಲಿ ನಾವು ನೋಡುವುದು ಇದನ್ನು. ಆನ್‌ಲೈನ್‌ನಲ್ಲಿ ಒಂದೂವರೆ ಸಾವಿರಕ್ಕೆ ಬರುವುದು ಮುಟ್ಟಿಸುವ ಸ್ಟನ್ ಗನ್.

ಈಗ ಆ 88 ಲಕ್ಷ ವೋಲ್ಟ್ ವಿಷಯಕ್ಕೆ ಬರೋಣ, ಯಾಕೆಂದರೆ ಜನ ದುಡ್ಡು ಕೊಡುವುದೇ ಆ ಸಂಖ್ಯೆ ನೋಡಿ.

ವೋಲ್ಟೇಜ್ ಅಂದರೆ ಮನೆ ಮೇಲಿನ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅನ್ನುವ ಥರ. ಕರೆಂಟ್ ಅಂದರೆ ನಲ್ಲಿಯಲ್ಲಿ ನಿಜವಾಗಿ ಎಷ್ಟು ನೀರು ಹರಿಯುತ್ತಿದೆ ಅನ್ನುವುದು. ಟ್ಯಾಂಕ್ ಹತ್ತನೇ ಮಹಡಿಯಲ್ಲಿದ್ದರೂ ಪೈಪ್ ಸೂಜಿಯಷ್ಟು ಸಣ್ಣದಿದ್ದರೆ ಬಕೆಟ್ ತುಂಬುವುದಿಲ್ಲ. ಚಳಿಗಾಲದಲ್ಲಿ ಕಾರಿನ ಬಾಗಿಲು ಮುಟ್ಟಿದಾಗ ಚುರುಕ್ ಅನ್ನುತ್ತದಲ್ಲ, ಅದು ಕೆಲವು ಸಾವಿರ ವೋಲ್ಟ್. ಸೊಳ್ಳೆ ಬ್ಯಾಟ್‌ನಲ್ಲೂ ವೋಲ್ಟೇಜ್ ಮನೆಯ ಪ್ಲಗ್‌ಗಿಂತ ಜಾಸ್ತಿ. ಆದರೆ ಪ್ಲಗ್‌ನ 230 ವೋಲ್ಟ್ ಪ್ರಾಣ ತೆಗೆಯಬಹುದು, ಯಾಕೆಂದರೆ ಅಲ್ಲಿ ಪೈಪ್ ದೊಡ್ಡದು, ನೀರು ನಿಲ್ಲದೆ ಬರುತ್ತದೆ.

ಇನ್ನೊಂದು ಲೆಕ್ಕ. ಗಾಳಿಯಲ್ಲಿ ಒಂದು ಸೆಂಟಿಮೀಟರ್ ಕಿಡಿ ಹಾರಬೇಕು ಅಂದರೆ ಸುಮಾರು 30,000 ವೋಲ್ಟ್ ಬೇಕು. ನಿಜವಾಗಿ 88 ಲಕ್ಷ ವೋಲ್ಟ್ ಇದ್ದಿದ್ದರೆ ಕಿಡಿ ಹೆಚ್ಚುಕಡಿಮೆ ಮೂರು ಮೀಟರ್ ಹಾರಬೇಕಿತ್ತು, ಅಂದರೆ ಊಟದ ಟೇಬಲ್‌ನಿಂದ ಎದುರಿನ ಗೋಡೆಗೆ. ಚಿಕ್ಕಮ್ಮನ ಸಾಧನದಲ್ಲಿ ಮೊಳೆಗಳ ನಡುವೆ ಎರಡು ಸೆಂಟಿಮೀಟರ್ ಕೂಡ ಇರಲಿಲ್ಲ. ಹೆಚ್ಚೆಂದರೆ 50–60 ಸಾವಿರ ವೋಲ್ಟ್ ಇರಬಹುದು. ಡಬ್ಬದ ಮೇಲಿನ ಸಂಖ್ಯೆ ಸುಳ್ಳು. ಲಕ್ಷ, ಕೋಟಿ ವೋಲ್ಟ್ ಅಂತ ಬರೆದ ಯಾವ ಡಬ್ಬ ಸಿಕ್ಕರೂ ಇದೇ ಲೆಕ್ಕ ಹಾಕಿ ನೋಡಿ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಬರುವ ದೊಡ್ಡ ಲೈನೇ 11,000 ವೋಲ್ಟ್.

ಹೆಸರುವಾಸಿ ಟೇಸರ್ ಕೂಡ ಹೀಗೇ. ಕಿಡಿ ಹಾರಿಸುವಾಗ 50,000 ವೋಲ್ಟ್, ಮೈಯೊಳಗೆ ಹರಿಯುವಾಗ ಸುಮಾರು 1,200 ವೋಲ್ಟ್, ಸರಾಸರಿ ಕರೆಂಟ್ ಎರಡರಿಂದ ನಾಲ್ಕು ಮಿಲಿಆಂಪಿಯರ್. ಮನೆಯ ಮೇನ್ ಬೋರ್ಡ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆಗುವುದು 30 ಮಿಲಿಆಂಪಿಯರ್‌ಗೆ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಹಾಗಾದರೆ ಟೇಸರ್ ತಗುಲಿದವನು ಬೀಳುವುದು ಹೇಗೆ?

ಉತ್ತರ ಇರುವುದು ಬಡಿತದಲ್ಲಿ. ನಮ್ಮ ಮೆದುಳು ಸ್ನಾಯುಗಳಿಗೆ ಕೈ ಎತ್ತು, ಕಾಲು ಇಡು ಅಂತ ಹೇಳುವುದೇ ಸಣ್ಣ ಸಣ್ಣ ವಿದ್ಯುತ್ ಮಿಡಿತದ ಮೂಲಕ. ಟೇಸರ್ ಸೆಕೆಂಡಿಗೆ ಸುಮಾರು 19 ಸಲ ಅಂಥದ್ದೇ ಮಿಡಿತ ಕಳಿಸುತ್ತದೆ. ಎರಡು ಡಾರ್ಟ್ ಮೈಮೇಲೆ ಸುಮಾರು ಒಂದು ಅಡಿ ದೂರದಲ್ಲಿ ಕೂತಿದ್ದರೆ, ನಡುವೆ ಇರುವ ಬೆನ್ನು, ಹೊಟ್ಟೆ, ತೊಡೆಯ ದೊಡ್ಡ ಸ್ನಾಯುಗಳೆಲ್ಲ ಒಟ್ಟಿಗೆ ಸೆಟೆದುಕೊಳ್ಳುತ್ತವೆ. ಮೆದುಳಿನ ಮಾತು ಅವುಗಳಿಗೆ ಕೇಳಿಸುವುದಿಲ್ಲ. ಮನುಷ್ಯ ಮರದ ದಿಮ್ಮಿ ಥರ ಬೀಳುತ್ತಾನೆ.

ಮುಟ್ಟಿಸುವ ಸ್ಟನ್ ಗನ್‌ನಲ್ಲಿ ಮೊಳೆಗಳ ಅಂತರ ಎರಡು ಬೆರಳಷ್ಟೂ ಇಲ್ಲ. ಕರೆಂಟ್ ಒಂದು ಮೊಳೆಯಿಂದ ಇನ್ನೊಂದಕ್ಕೆ ಚರ್ಮದ ಕೆಳಗೇ ಓಡಿ ಮುಗಿಯುತ್ತದೆ. ದೊಡ್ಡ ಸ್ನಾಯು ಸಿಗುವುದಿಲ್ಲ. ಅದರಿಂದ ಆಗುವುದು ನೋವು, ಜೋರಾದ ನೋವೇ, ಆದರೆ ನೋವು ಅಷ್ಟೇ. ನೋವಿಗೆ ಒಬ್ಬ ಓಡಿಹೋಗಬಹುದು, ಇನ್ನೊಬ್ಬ ಸಿಟ್ಟಾಗಿ ಮೇಲೆ ಬೀಳಬಹುದು. ಕುಡಿದವನು, ಅಮಲಿನಲ್ಲಿರುವವನು, ದಪ್ಪ ಜರ್ಕಿನ್ ಹಾಕಿಕೊಂಡವನು, ಇವರಿಗೆ ಅದೂ ಸರಿಯಾಗಿ ತಟ್ಟುವುದಿಲ್ಲ.

ಕಳ್ಳ ನನ್ನನ್ನು ಹಿಡಿದುಕೊಂಡಿದ್ದರೆ ನನಗೂ ಶಾಕ್ ಹೊಡೆಯಲ್ವಾ ಅಂತ ಚಿಕ್ಕಮ್ಮ ಕೇಳಿದರು. ಸಾಮಾನ್ಯವಾಗಿ ಇಲ್ಲ. ಕರೆಂಟ್ ಹತ್ತಿರದ ದಾರಿಯಲ್ಲೇ, ಎರಡು ಮೊಳೆಗಳ ನಡುವೆಯೇ ಹರಿಯುತ್ತದೆ, ನಿಮ್ಮವರೆಗೆ ಬರುವುದಿಲ್ಲ. ಆ ಒಂದು ಭಯ ಬಿಡಬಹುದು.

ಬಿಡಬಾರದ ಭಯ ಬೇರೆ. ಈ ಸಾಧನ ಕೆಲಸ ಮಾಡಬೇಕಾದರೆ ನೀವು ಕಳ್ಳನನ್ನು ಮುಟ್ಟಬೇಕು. ಮುಟ್ಟಿ ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿಯಬೇಕು, ಅವನು ಕೊಸರಾಡುತ್ತಿರುವಾಗ. 68 ವರ್ಷದ, ಮಂಡಿನೋವಿರುವ ಹೆಂಗಸು, ರಾತ್ರಿ ಎರಡು ಗಂಟೆಗೆ, ಕನ್ನಡಕ ಇಲ್ಲದೆ, ಕತ್ತಲಲ್ಲಿ ಒಬ್ಬ ಗಂಡಸಿನ ತೋಳಿನ ಅಳತೆಯೊಳಗೆ ಹೋಗಿ ನಿಲ್ಲಬೇಕು. ಅವನ ಕೈಯಲ್ಲಿ ಕಬ್ಬಿಣದ ರಾಡ್ ಇದ್ದರೆ ಅದರ ಉದ್ದ ಈ ಟಾರ್ಚ್‌ಗಿಂತ ಜಾಸ್ತಿ. ಅವನು ಕೈ ತಿರುಚಿದರೆ ಸಾಧನ ಅವನದ್ದು. ಇನ್ನು ಅವರು ಇಬ್ಬರು ಬಂದಿದ್ದರೆ? ಮನೆ ಕಾಯುವುದು ಅಂದರೆ ಕಳ್ಳನಿಗೂ ನಮಗೂ ನಡುವೆ ದೂರ ಇಡುವುದು ಅಲ್ವಾ. ಇದು ಆ ದೂರವನ್ನೇ ತೆಗೆದುಹಾಕುತ್ತದೆ. ನನ್ನ ಮುಖ್ಯ ತಕರಾರು ಇದೇ, ಉಳಿದದ್ದೆಲ್ಲ ಇದರ ಹಿಂದೆ ಬರುವಂಥದ್ದು.

ಹಾಗಾದರೆ ಡಾರ್ಟ್ ಹಾರಿಸುವ ಟೇಸರ್ ಇದ್ದರೆ ಆಗಬಹುದಾ? ಅದಕ್ಕೆ ದೂರದ ತೊಂದರೆ ಇಲ್ಲ, ಆದರೆ ನಮ್ಮ ಮನೆಗಳ ತೊಂದರೆ ಇದೆ. ಡಾರ್ಟ್‌ಗಳು ಹೋಗ್ತಾ ಹೋಗ್ತಾ ಅಗಲವಾಗುತ್ತವೆ, ಸಾಮಾನ್ಯ ಮಾಡೆಲ್‌ನಲ್ಲಿ ಏಳು ಅಡಿಗೆ ಒಂದು ಅಡಿ ಅಂತರ. 30-40 ಸೈಟಿನಲ್ಲಿ ಕಟ್ಟಿದ ಮನೆಯ ಪ್ಯಾಸೇಜ್‌ನಲ್ಲಿ, ಹತ್ತು ಅಡಿ ಚೌಕದ ರೂಮಿನಲ್ಲಿ ಕಳ್ಳ ಮೂರು ಅಡಿ ದೂರಕ್ಕೆ ಬಂದಿರುತ್ತಾನೆ. ಅಷ್ಟರಲ್ಲಿ ಡಾರ್ಟ್ ಬಿಚ್ಚಿಕೊಂಡಿರುವುದು ಐದು ಇಂಚು. ಎರಡೂ ತಗುಲಲೇಬೇಕು, ಒಂದು ತಪ್ಪಿದರೂ ಕರೆಂಟ್ ಹರಿಯುವುದಿಲ್ಲ. ಹಳೆಯ ಮಾಡೆಲ್‌ಗಳಲ್ಲಿ ಒಂದೇ ಅವಕಾಶ. ತರಬೇತಿ ಪಡೆದ ಪೊಲೀಸರಿಗೇ ಗುರಿ ತಪ್ಪುತ್ತದೆ.

ಅಪಾಯದ ವಿಷಯ. ಇದನ್ನು ಪ್ರಾಣ ತೆಗೆಯದ ಆಯುಧ ಅಂತ ಕರೆಯುತ್ತಾರೆ, ಆ ಮಾತನ್ನು ಪೂರ್ತಿ ನಂಬಬೇಡಿ. 2007ರಲ್ಲಿ ಕೆನಡಾದ ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಹಲವು ಸಲ ಟೇಸರ್ ಬಳಸಿದ ಮೇಲೆ ಪೋಲೆಂಡ್‌ನಿಂದ ಬಂದಿದ್ದ ಪ್ರಯಾಣಿಕನೊಬ್ಬ ಸತ್ತುಹೋದ, ಅದರ ಮೇಲೆ ದೊಡ್ಡ ಸಾರ್ವಜನಿಕ ವಿಚಾರಣೆಯೇ ನಡೆಯಿತು. 2009ರಲ್ಲಿ ಟೇಸರ್ ಕಂಪನಿಯೇ ಎದೆಗೆ ಗುರಿ ಇಡುವುದನ್ನು ಆದಷ್ಟು ತಪ್ಪಿಸಿ ಅಂತ ತನ್ನ ತರಬೇತಿ ಸೂಚನೆ ಬದಲಾಯಿಸಿತು. 2012ರಲ್ಲಿ ಸರ್ಕ್ಯುಲೇಷನ್ ಅನ್ನುವ ಹೃದಯರೋಗ ಪತ್ರಿಕೆಯಲ್ಲಿ ಡಗ್ಲಸ್ ಝೈಪ್ಸ್ ಅನ್ನುವ ತಜ್ಞರು, ಎದೆಯ ಹತ್ತಿರ ಡಾರ್ಟ್ ತಗುಲಿದ ಕೆಲವರಿಗೆ ಹೃದಯ ನಿಂತ ಪ್ರಕರಣಗಳನ್ನು ಬರೆದರು. ಇಂಥ ಸಾವು ಅಪರೂಪ. ಅಪರೂಪ ಅಲ್ಲದ್ದು ಬೀಳುವುದರಿಂದ ಆಗುವ ಪೆಟ್ಟು. ಸ್ನಾಯು ಸೆಟೆದವನು ಕೈ ಊರಿಕೊಳ್ಳಲಾರ. ನಮ್ಮ ಮನೆಗಳ ಮೆಟ್ಟಿಲು ಗ್ರಾನೈಟ್, ನೆಲ ಟೈಲ್ಸ್. ತಲೆ ನೇರವಾಗಿ ಅದಕ್ಕೇ ಹೊಡೆಯುತ್ತದೆ.

ಇನ್ನೊಂದು ವಿಷಯ ಡಬ್ಬದ ಮೇಲೆ ಎಲ್ಲೂ ಇರಲಿಲ್ಲ. ಆ ನೀಲಿ ಕಿಡಿ ಬೆಂಕಿಯೇ. ಸಿಲಿಂಡರ್ ಸೋರಿ ಅಡುಗೆಮನೆಯಲ್ಲಿ ಗ್ಯಾಸ್ ತುಂಬಿದ್ದರೆ ಲೈಟ್ ಸ್ವಿಚ್ ಕೂಡ ಹಾಕಬೇಡಿ ಅಂತ ನಮಗೆ ಹೇಳಿಕೊಟ್ಟಿದ್ದಾರೆ, ಹಾಗಿರುವಾಗ ಇದು? ಪೆಪ್ಪರ್ ಸ್ಪ್ರೇ ಹೊಡೆದು ಆಮೇಲೆ ಸ್ಟನ್ ಗನ್ ಒತ್ತುವ ಯೋಚನೆ ಇನ್ನೂ ಕೆಟ್ಟದ್ದು. ಕೆಲವು ಸ್ಪ್ರೇಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಎದುರಿನವನ ಮುಖಕ್ಕೇ ಬೆಂಕಿ ಹತ್ತಿಕೊಳ್ಳಬಹುದು. ಮೊಮ್ಮಕ್ಕಳು ರಜೆಗೆ ಬರುವ ಮನೆಯಲ್ಲಿ ಟಾರ್ಚ್ ಥರ ಕಾಣುವ ಇಂಥ ವಸ್ತು ಕೈಗೆಟುಕುವಂತೆ ಇರಬೇಕಾ ಅಂತಲೂ ಯೋಚಿಸಿ. ಎತ್ತರದಲ್ಲಿ ಬೀಗ ಹಾಕಿ ಇಟ್ಟರೆ ಮಕ್ಕಳಿಗೆ ಸಿಗುವುದಿಲ್ಲ, ಆದರೆ ಆ ರಾತ್ರಿ ನಿಮಗೂ ಸಿಗುವುದಿಲ್ಲ. ಬ್ಯಾಟರಿ ಬೇರೆ, ಚಾರ್ಜ್ ಮಾಡದೆ ಆರು ತಿಂಗಳು ಡ್ರಾಯರ್‌ನಲ್ಲಿ ಬಿದ್ದಿದ್ದರೆ ಕಿಡಿಯೇ ಬರುವುದಿಲ್ಲ.

ಕಾನೂನಿಗೆ ಬರೋಣ. ಇದರಲ್ಲಿ ಎರಡು ಬೇರೆ ಪ್ರಶ್ನೆ ಇವೆ, ಇಟ್ಟುಕೊಳ್ಳಬಹುದಾ ಅನ್ನುವುದು ಒಂದು, ಬಳಸಬಹುದಾ ಅನ್ನುವುದು ಇನ್ನೊಂದು.

ಇಟ್ಟುಕೊಳ್ಳುವ ವಿಷಯದಲ್ಲಿ 1959ರ ಆಯುಧ ಕಾಯ್ದೆ ನೋಡಬೇಕು. ಅದರ ಪ್ರಕಾರ ದಾಳಿಗಾಗಲಿ ರಕ್ಷಣೆಗಾಗಲಿ ಆಯುಧವಾಗಿ ರೂಪಿಸಿದ ವಸ್ತುಗಳು ಆಯುಧದ ವ್ಯಾಖ್ಯೆಯೊಳಗೆ ಬರುತ್ತವೆ. ಲಾಠಿ, ಸಾಮಾನ್ಯ ಊರುಗೋಲು, ಬರೀ ಮನೆಗೆಲಸಕ್ಕೋ ಹೊಲಗೆಲಸಕ್ಕೋ ಮಾಡಿದವು, ಆಟಿಕೆ ಆಯುಧಗಳು ಮಾತ್ರ ಹೊರಗೆ. ಅಂದರೆ ನಾನು ರಕ್ಷಣೆಗೆ ಅಂತ ತಗೊಂಡೆ ಅನ್ನುವ ಮಾತು ಅದನ್ನು ಆಯುಧದ ಪಟ್ಟಿಯಿಂದ ಹೊರಗೆ ಹಾಕುವುದಿಲ್ಲ. 2016ರ ಆಯುಧ ನಿಯಮಗಳಲ್ಲಂತೂ ಎಲೆಕ್ಟ್ರಾನಿಕ್ ಡಿಸೇಬ್ಲಿಂಗ್ ಡಿವೈಸ್ ಅಂತ ಈ ಜಾತಿಯ ಸಾಧನಗಳ ಹೆಸರೇ ಇದೆ. ಲೈಸೆನ್ಸ್ ಬೇಡ, ಮನೆ ಬಾಗಿಲಿಗೆ ಡೆಲಿವರಿ ಅಂತ ಮಾರುವವರು ಬರೆದಿರುತ್ತಾರೆ. ಆ ಸಾಲು ಜಾಹೀರಾತು, ಕಾನೂನಲ್ಲ. ಬೆಂಗಳೂರಿನಲ್ಲಿ ಆಯುಧದ ಲೈಸೆನ್ಸ್ ವಿಷಯ ನೋಡುವವರು ಪೊಲೀಸ್ ಕಮಿಷನರ್, ಇನ್‌ಫೆಂಟ್ರಿ ರೋಡ್‌ನಲ್ಲಿ ಅವರ ಕಚೇರಿ ಇದೆ. ನಿರ್ದಿಷ್ಟ ಮಾಡೆಲ್ ತೋರಿಸಿ ಅಲ್ಲಿ ಕೇಳದೆ ದುಡ್ಡು ಕಟ್ಟಬೇಡಿ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವ ಹಾಗೇ ಇಲ್ಲ.

ಬಳಸುವ ವಿಷಯದಲ್ಲಿ ಕಾನೂನು ಜನ ಅಂದುಕೊಂಡಷ್ಟು ಬಿಗಿ ಅಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಇವೆ. ಹಳೆಯ ಐಪಿಸಿಯಲ್ಲಿ ಇವೇ 96ರಿಂದ 106. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಒಡೆದು ನುಗ್ಗುವವನ ವಿರುದ್ಧ ಈ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದು ಅಂತ 41ನೇ ಕಲಂ ಹೇಳುತ್ತದೆ. ಗಾಬರಿಯಲ್ಲಿರುವವರು ಪೆಟ್ಟನ್ನು ತಕ್ಕಡಿಯಲ್ಲಿ ತೂಗಿ ಕೊಡಲಾರರು ಅನ್ನುವುದನ್ನು ಕೋರ್ಟುಗಳೂ ಒಪ್ಪಿಕೊಂಡಿವೆ. ಆದರೆ ಗೆರೆ ಇದೆ. ಅಗತ್ಯಕ್ಕಿಂತ ಜಾಸ್ತಿ ಪೆಟ್ಟು ಕೊಡುವ ಹಾಗಿಲ್ಲ ಅಂತ 37ನೇ ಕಲಂ ಹೇಳುತ್ತದೆ. ಕಳ್ಳ ಬೆನ್ನು ತಿರುಗಿಸಿ ಓಡಿದರೆ, ಬಿದ್ದು ಸೋತರೆ, ಕೈಕಾಲು ಕಟ್ಟಿ ಕೂರಿಸಿದರೆ, ಅಲ್ಲಿಗೆ ನಿಮ್ಮ ಜೀವಕ್ಕಿದ್ದ ಅಪಾಯ ಮುಗಿಯಿತು. ಆಮೇಲೆ ಕೊಡುವ ಒಂದೊಂದು ಶಾಕ್ ಕೂಡ ಅಪರಾಧ. ನಮ್ಮ ಬೀದಿಗಳಲ್ಲಿ ಕಳ್ಳ ಸಿಕ್ಕರೆ ಏನಾಗುತ್ತದೆ ಅಂತ ನೋಡಿದ್ದೇವಲ್ಲ, ಕಂಬಕ್ಕೆ ಕಟ್ಟಿ ಬಂದವರೆಲ್ಲ ಒಂದೊಂದು ಏಟು ಹಾಕುತ್ತಾರೆ. ಆ ಗುಂಪಿನ ಕೈಗೆ ಬಟನ್ ಒತ್ತಿದರೆ ಮನುಷ್ಯ ಕಿರುಚುವ, ಗಾಯ ಜಾಸ್ತಿ ಕಾಣದ ಒಂದು ವಸ್ತು ಸಿಕ್ಕರೆ ಏನಾದೀತು ಅಂತ ನೆನೆದರೆ ನನಗೆ ನಿಜವಾಗಿ ಭಯವಾಗುತ್ತದೆ. ಕಣ್ಣೆದುರೇ ಮನೆಗೆ ನುಗ್ಗುವಂಥ ದೊಡ್ಡ ಅಪರಾಧ ಮಾಡಿದವನನ್ನು ನಾವೂ ಹಿಡಿದಿಡಬಹುದು, ಆದರೆ ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಇದು.

ಬೇರೆ ದೇಶಗಳೂ ಈ ವಿಷಯದಲ್ಲಿ ಒಂದೇ ಕಡೆ ಇಲ್ಲ. ಬ್ರಿಟನ್‌ನಲ್ಲಿ 1968ರ ಫೈರ್‌ಆರ್ಮ್ಸ್ ಕಾಯ್ದೆಯ ಪ್ರಕಾರ ಸಾಮಾನ್ಯ ಜನರಿಗೆ ಇದು ನಿಷಿದ್ಧ. ಅಮೆರಿಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಒಬ್ಬ ಹೆಂಗಸು, ಹೊಡೆಯುತ್ತಿದ್ದ ಹಳೆಯ ಗೆಳೆಯನಿಂದ ತಪ್ಪಿಸಿಕೊಳ್ಳಲು ಸ್ಟನ್ ಗನ್ ಇಟ್ಟುಕೊಂಡು ಕೇಸಿಗೆ ಸಿಕ್ಕಿಬಿದ್ದರು. 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ವಿರುದ್ಧ ರಾಜ್ಯದ ಕೋರ್ಟ್ ಕೊಟ್ಟ ತೀರ್ಪನ್ನು ತಳ್ಳಿಹಾಕಿತು.

ಆ ಹೆಂಗಸಿನ ಕಥೆ ನನ್ನನ್ನು ತುಂಬಾ ಕಾಡಿತು. ಅವರಿಗೆ ಬೇಕಿದ್ದದ್ದು ಮನೆ ಕಾಯುವುದಲ್ಲ. ಗುರುತಿರುವ ಒಬ್ಬ ಮನುಷ್ಯ, ಮತ್ತೆ ಮತ್ತೆ ದಾರಿಗೆ ಅಡ್ಡ ಬರುವವನು, ಈಗಾಗಲೇ ಕೈ ಮಾಡಿದವನು. ಅಂಥವರು ನಮ್ಮ ಊರಿನಲ್ಲೂ ಇದ್ದಾರೆ. ದೂರು ಕೊಟ್ಟು ಕೊಟ್ಟು ಸಾಕಾದವರು, ರಾತ್ರಿ ಪಾಳಿ ಮುಗಿಸಿ ಹೆದರಿಕೊಂಡೇ ಮನೆಗೆ ಬರುವವರು. ಅವರಿಗೆ ಇಂಥ ಸಾಧನ ಬೇಡ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅವರ ಕೈಗೆ ಸುಳ್ಳು ಸಂಖ್ಯೆ ಬರೆದ ಡಬ್ಬ ಕೊಡಬಾರದು. ಒಳ್ಳೆಯ ಡಾರ್ಟ್ ಮಾಡೆಲ್, ಅರ್ಧ ದಿನದ ತರಬೇತಿ, ಹೆಸರು ನೋಂದಣಿ, ಬೇಗ ಕೊಡುವ ಲೈಸೆನ್ಸ್, ಇಷ್ಟು ಇರಬೇಕು. ಹಲವು ಟೇಸರ್ ಮಾಡೆಲ್‌ಗಳನ್ನು ಹಾರಿಸಿದಾಗ ಸೀರಿಯಲ್ ನಂಬರ್ ಇರುವ ಚಿಕ್ಕ ಚಿಕ್ಕ ಚೀಟಿಗಳು ನೆಲದ ತುಂಬ ಚೆಲ್ಲುತ್ತವೆ, ಯಾರ ಸಾಧನದಿಂದ ಹೊಡೆದದ್ದು ಅಂತ ಆಮೇಲೆ ಪತ್ತೆಯಾಗಲಿ ಅಂತ. ಮುಟ್ಟಿಸುವ ಟಾರ್ಚ್‌ನಲ್ಲಿ ಅದ್ಯಾವುದೂ ಇಲ್ಲ. ಅದನ್ನು ಕಳ್ಳನೂ ತರಿಸಿಕೊಳ್ಳಬಹುದು, ಮನೆಯೊಳಗೇ ಹೆಂಡತಿಗೆ ಹೊಡೆಯುವ ಗಂಡನೂ ತರಿಸಿಕೊಳ್ಳಬಹುದು.

ಮತ್ತೆ ಹನುಮಂತನಗರಕ್ಕೆ ಬರುತ್ತೇನೆ. ನಾವು ಅವತ್ತು ಸಂಜೆ ಕಳ್ಳ ಎಲ್ಲಿಂದ ಬರಬಹುದು ಅಂತ ಮನೆ ಸುತ್ತ ನಡೆದು ನೋಡಿದೆವು. ಮುಂಬಾಗಿಲು ಗಟ್ಟಿ ತೇಗ, ಗ್ರಿಲ್ ಇದೆ. ಹಿಂದಿನ ಬಾಗಿಲು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ್ದು, ಒಂದೇ ಒಂದು ತುಕ್ಕು ಹಿಡಿದ ಚಿಲಕದ ಮೇಲೆ ನಿಂತಿತ್ತು. ನಾನು ಭುಜ ಕೊಟ್ಟು ತಳ್ಳಿದೆ, ಸ್ಕ್ರೂ ಅಲುಗಾಡಿತು. ಅಲ್ಲಿ ಲೈಟೂ ಇಲ್ಲ. ಇದು ಬಿಟ್ಟು ನಾವು ವೋಲ್ಟ್ ಲೆಕ್ಕ ಹಾಕುತ್ತಾ ಕೂತಿದ್ದೆವು.

ಮಾರನೇ ದಿನ ಬಡಗಿ ಬಂದು ಆ ಬಾಗಿಲಿಗೆ ಮೇಲೆ ಕೆಳಗೆ ಎರಡು ಟವರ್ ಬೋಲ್ಟ್ ಹಾಕಿ, ಅಡ್ಡ ಒಂದು ಕಬ್ಬಿಣದ ಪಟ್ಟಿ ಕೂರಿಸಿ ಹೋದ. ಮುಂಬಾಗಿಲಿಗೆ ಚೈನ್ ಹಾಕಿಸಿದೆವು, ಗ್ಯಾಸ್ ಚೆಕ್, ವಾಟರ್ ಫಿಲ್ಟರ್ ಸರ್ವಿಸ್ ಅಂತ ಬರುವವರ ಜೊತೆ ಬಾಗಿಲು ತೆಗೆಯದೆ ಮಾತಾಡಲು. ಮಲಗುವ ಕೋಣೆಗೆ ಒಳಗಿನಿಂದ ಗಟ್ಟಿ ಬೋಲ್ಟ್ ಬಂತು. ಸದ್ದು ಕೇಳಿದರೆ ಹೊರಗೆ ಬರುವುದು ಬೇಡ, ಅದನ್ನು ಹಾಕಿಕೊಂಡು 112ಕ್ಕೆ ಫೋನ್ ಮಾಡಿ, ಪೊಲೀಸರ ಹೊಯ್ಸಳ ಗಾಡಿ ಬರುವವರೆಗೆ ಅಲ್ಲೇ ಕೂತಿರಿ, ಟಿವಿ ಹೋದರೆ ಹೋಗಲಿ ಅಂತ ಹೇಳಿದೆ. ಹಿರಿಯರ ಸಹಾಯವಾಣಿ 1090 ಕೂಡ ಫ್ರಿಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದೆವು. ಬಳೆ, ಸರ ಬ್ಯಾಂಕ್ ಲಾಕರ್‌ಗೆ ಹೋದವು. ಊರಿಗೆ ಹೋದಾಗ ಪೇಪರ್ ನಿಲ್ಲಿಸಿ, ಬಾಗಿಲ ಮುಂದೆ ರಂಗೋಲಿ ಹಾಕಲು ಕೆಲಸದವಳಿಗೆ ಹೇಳಿ ಹೋಗುವುದು ಅಂತಲೂ ಆಯಿತು, ಯಾಕೆಂದರೆ ಕಳ್ಳರು ಹುಡುಕುವುದು ಬೀಗ ಹಾಕಿದ ಮನೆಯನ್ನೇ. ಖಾಲಿ ಮನೆಯಲ್ಲಿ ಸ್ಟನ್ ಗನ್ ಇದ್ದು ಏನು ಪ್ರಯೋಜನ?

ಚಿಕ್ಕಮ್ಮನಿಗೆ ಎಲ್ಲಕ್ಕಿಂತ ಧೈರ್ಯ ಕೊಟ್ಟಿದ್ದು ಒಂದು ಕಾರ್ಡ್‌ಲೆಸ್ ಕಾಲಿಂಗ್ ಬೆಲ್, ಕೆಲವೇ ನೂರು ರೂಪಾಯಿಯದ್ದು. ಬೆಲ್ ಅನ್ನು ಮಹಡಿಯ ಬಾಡಿಗೆಯವರ ಹಾಲ್‌ನಲ್ಲಿ ಹಾಕಿದೆವು, ಒತ್ತುವ ಬಟನ್ ಚಿಕ್ಕಮ್ಮನ ಮಂಚದ ತಲೆದಿಂಬಿನ ಪಕ್ಕ. ರಾತ್ರಿ ಹತ್ತೂವರೆಗೆ ಒಂದು ಸಲ ಒತ್ತಿ ನೋಡಿ ಅಂದೆ. ಒತ್ತಿದರು. ಮೇಲೆ ಟ್ರಿಣ್ ಅಂದಿದ್ದು ಕೆಳಗೂ ಕೇಳಿಸಿತು. ಮೆಟ್ಟಿಲ ಮೇಲೆ ಧಡಧಡ ಸದ್ದು, ಬಾಡಿಗೆಯವರ ಮಗ ಬರಿಗಾಲಲ್ಲಿ ಬಾಗಿಲ ಮುಂದೆ ನಿಂತು "ಏನಾಯ್ತು ಅಜ್ಜಿ?" ಅಂದ. ಚಿಕ್ಕಮ್ಮ ಚೈನ್ ಹಾಕಿಯೇ ಬಾಗಿಲು ತೆಗೆದು ಮುಖ ನೋಡಿದರು, ಆಮೇಲೆ ಚೈನ್ ಬಿಚ್ಚಿದರು.